ಮ್ಯಾಗ್ನಮ್ ಬೇಡ, .223 ಸಾಲದು: ಆಕ್ಷೇಪಿಸಿದವರಿಗೆ ಉತ್ತರ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಹೊಸದಾಗಿ ಬೇಟೆಯ ಲೈಸೆನ್ಸ್ ಮಾಡಿಸುವ ಕನ್ನಡಿಗರಿಗೆಂದು ಹಿಂದೊಂದು ಲೇಖನ ಬರೆದಿದ್ದೆ. ಅದರಲ್ಲಿ ಮುಖ್ಯವಾಗಿ ಹೇಳಿದ್ದು ಇಷ್ಟು: ಕಯೋಟಿಯಿಂದ ಮ್ಯೂಲ್ ಜಿಂಕೆಯವರೆಗೆ .243 ವಿಂಚೆಸ್ಟರ್ ಸಾಕು. ಎಲ್ಕ್ ಹೊಡೆಯುವುದಾದರೆ .308 ಇಲ್ಲವೇ .30-06 ಕೊಳ್ಳಿ. ಮೊದಲ ರೈಫಲ್ ಮ್ಯಾಗ್ನಮ್, ಅಂದರೆ ಹೆಚ್ಚು ಮದ್ದು ತುಂಬಿದ ತೋಟಾದ್ದು, ಆಗುವುದು ಬೇಡ. ದೊಡ್ಡ ಪ್ರಾಣಿಗೆ .223 ಸಾಲದು. ನಳಿಗೆಯ ಅಳತೆಗಿಂತ, ಅಂದರೆ ಕ್ಯಾಲಿಬರಿಗಿಂತ, ಗುಂಡನ್ನು ಹೇಗೆ ಕಟ್ಟಿದ್ದಾರೆ ಎಂಬುದು ಮುಖ್ಯ. ಇದಕ್ಕೆ ಆಕ್ಷೇಪಗಳು ಎರಡು ತುದಿಗಳಿಂದ ಬಂದಿವೆ. ಇಷ್ಟು ಸಣ್ಣ ಕ್ಯಾಲಿಬರ್ ಹೇಳಿಕೊಟ್ಟು ಪ್ರಾಣಿಗಳನ್ನು ಗಾಯ ಮಾಡಿಸುತ್ತೀರಿ ಎಂದು ಕೆಲವರು. ಇನ್ನೂ ಸಣ್ಣದೇ ಸಾಕಿತ್ತು, ಸುಮ್ಮನೆ ಖರ್ಚು ಮಾಡಿಸುತ್ತೀರಿ ಎಂದು ಕೆಲವರು. ಇಬ್ಬರಿಗೂ ಉತ್ತರ ಕೊಡಬೇಕು, ಏಕೆಂದರೆ ತಪ್ಪು ಆಯ್ಕೆಯ ಬೆಲೆ ತೆರುವುದು ಕೊಂಡವನಲ್ಲ. ಹೊಟ್ಟೆಗೆ ಗುಂಡು ತಾಗಿಸಿಕೊಂಡು ಕಣಿವೆಗೆ ಇಳಿದುಹೋಗುವ ಪ್ರಾಣಿ.

ಮುಂದೆ ಓದುವವರಿಗೆ ಎರಡು ಮಾತು. ತೋಟಾ ಎಂದಾಗ ಹಿತ್ತಾಳೆಯ ಕವಚ, ಮದ್ದು, ಗುಂಡು ಎಲ್ಲ ಸೇರಿದ ಇಡೀ ಕಾರ್ಟ್ರಿಜ್ ಎಂದು ತಿಳಿಯಿರಿ. ಗುಂಡು ಎಂದರೆ ಅದರಿಂದ ಹಾರಿಹೋಗುವ ಭಾಗ ಮಾತ್ರ. ಗುಂಡಿನ ತೂಕವನ್ನು ಇಲ್ಲಿ ಗ್ರೇನ್‌ನಲ್ಲಿ ಹೇಳುತ್ತಾರೆ. 100 ಗ್ರೇನ್ ಅಂದರೆ ಆರೂವರೆ ಗ್ರಾಂ.

ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ: ಶಕ್ತಿ ಜಾಸ್ತಿ ಇದ್ದರೆ ನಷ್ಟವೇನು? ಅವರ ವಾದ ಹೀಗಿದೆ. ಗಂಡು ಎಲ್ಕ್ 300 ಕಿಲೋ ದಾಟುವ ಪ್ರಾಣಿ. ಬೇಟೆಯಲ್ಲಿ ಏದುಸಿರು ಬಿಡುತ್ತಾ, ಚಳಿಯಲ್ಲಿ ನಡುಗುತ್ತಾ ಹೊಡೆಯುತ್ತೇವೆ, ಗುರಿ ಒಂದೆರಡು ಇಂಚು ಅತ್ತಿತ್ತ ಆಗಿಯೇ ಆಗುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಮ್ ಕೈಯಲ್ಲಿದ್ದರೆ ಆ ತಪ್ಪು ಮುಚ್ಚಿಹೋಗುತ್ತದೆ.

ಮುಚ್ಚಿಹೋಗುವುದಿಲ್ಲ. .308, .30-06, .300 ವಿಂಚೆಸ್ಟರ್ ಮ್ಯಾಗ್ನಮ್ ಈ ಮೂರರಿಂದಲೂ ಹೊರಡುವುದು ಒಂದೇ ವ್ಯಾಸದ ಗುಂಡು, 0.308 ಇಂಚಿನದು. ಮೂರರ ವ್ಯತ್ಯಾಸ ಹಿಂದಿರುವ ಮದ್ದಿನದು, ಅಂದರೆ ವೇಗದ್ದು. 180 ಗ್ರೇನ್ ಗುಂಡನ್ನು .30-06 ಸೆಕೆಂಡಿಗೆ ಸುಮಾರು 2700 ಅಡಿ ವೇಗದಲ್ಲಿ ಬಿಡುತ್ತದೆ, ಮ್ಯಾಗ್ನಮ್ ಸುಮಾರು 2960 ಅಡಿಯಲ್ಲಿ. ಗಾಳಿಯ ತಡೆ ಲೆಕ್ಕಕ್ಕೆ ಹಿಡಿದರೆ ಮ್ಯಾಗ್ನಮ್‌ನ ಗುಂಡು 100 ಗಜ ಹೋಗುವಷ್ಟರಲ್ಲಿ .30-06ರ ಗುಂಡು ನಳಿಗೆ ಬಿಡುವಾಗಿನ ವೇಗಕ್ಕೆ ಹತ್ತಿರ ಇಳಿದಿರುತ್ತದೆ. ಮ್ಯಾಗ್ನಮ್ ಕೊಂಡವರಿಗೆ ದಕ್ಕುವುದು ಈ 100 ಗಜ. ದೂರದ ಬಯಲಲ್ಲಿ ಹೊಡೆಯುವ ಪಳಗಿದ ಕೈಗೆ ಅದು ದೊಡ್ಡ ಲಾಭವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಶ್ವಾಸಕೋಶ ತಪ್ಪಿಸಿ ಕರುಳಿಗೆ ಬಿದ್ದ ಗುಂಡನ್ನು ಅದು ಶ್ವಾಸಕೋಶಕ್ಕೆ ಸರಿಸುವುದಿಲ್ಲ. ಪ್ರಾಣಿ ಬೇಗ ಸಾಯುವುದು ಹೃದಯ, ಶ್ವಾಸಕೋಶ, ಅವುಗಳ ದೊಡ್ಡ ರಕ್ತನಾಳಗಳು ಹರಿದಾಗ, ಇಲ್ಲವೇ ಮಿದುಳು, ಬೆನ್ನುಹುರಿ ಒಡೆದಾಗ. ಕರುಳಿಗೆ ಗುಂಡು ಬಿದ್ದ ಎಲ್ಕ್ ಯಾವ ಕ್ಯಾಲಿಬರಿನಲ್ಲಾದರೂ ಗಂಟೆಗಟ್ಟಲೆ ನರಳುತ್ತದೆ.

ಇನ್ನು ಆ 100 ಗಜಕ್ಕೆ ತೆರುವ ಬೆಲೆ. ಎಂಟು ಪೌಂಡ್ ತೂಕದ ರೈಫಲ್ಲಿನಲ್ಲಿ .243ರ ಒದೆತ ಸುಮಾರು 9 ಅಡಿ-ಪೌಂಡ್, .30-06ರದ್ದು ಸುಮಾರು 20; .300 ಮ್ಯಾಗ್ನಮ್ 25 ದಾಟುತ್ತದೆ. ಬೆಟ್ಟ ಹತ್ತಲೆಂದು ಹಗುರವಾದ ರೈಫಲ್ ಕೊಂಡರೆ ಅದು ಇನ್ನೂ ಏರುತ್ತದೆ. ಹೊಸಬರ ಭುಜ ಇದನ್ನು ಎರಡು ಮೂರು ಈಡಿನಲ್ಲೇ ಕಲಿತುಬಿಡುತ್ತದೆ, ಕಲಿತದ್ದನ್ನು ಮರೆಯುವುದೇ ಇಲ್ಲ. ಟ್ರಿಗರ್ ಒತ್ತುವ ಕ್ಷಣಕ್ಕೆ ಸ್ವಲ್ಪ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ನಳಿಗೆಯ ತುದಿ ಕೆಳಗೆ ಬಾಗುತ್ತದೆ. ಹೊಡೆದವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಸದ್ದು ಮತ್ತು ಒದೆತ ಎಲ್ಲವನ್ನೂ ಮರೆಮಾಚುತ್ತವೆ. ಗೊತ್ತು ಮಾಡಿಕೊಳ್ಳಲು ಸುಲಭ ಉಪಾಯ ಇದೆ: ರೇಂಜಿನಲ್ಲಿ ಜೊತೆಗಾರರ ಕೈಗೆ ರೈಫಲ್ ಕೊಟ್ಟು, ನಿಮಗೆ ಹೇಳದೆ ಮಧ್ಯೆ ಮಧ್ಯೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಲು ಹೇಳಿ. ಸದ್ದಿಲ್ಲದ ಆ ಒಂದು ಟಕ್ಕಿನಲ್ಲಿ ನಳಿಗೆ ಎಷ್ಟು ಅದುರಿತು ಎಂದು ಎಲ್ಲರಿಗೂ ಕಾಣುತ್ತದೆ. ಮ್ಯಾಗ್ನಮ್ ವಾದಿಗಳು ಹೇಳುವ "ಒಂದೆರಡು ಇಂಚಿನ ತಪ್ಪು" ಹೆಚ್ಚಾಗಿ ಹುಟ್ಟುವುದೇ ಇಲ್ಲಿ. ತಪ್ಪನ್ನು ಮುಚ್ಚಲೆಂದು ಕೊಂಡ ಶಕ್ತಿಯೇ ತಪ್ಪನ್ನು ಹುಟ್ಟಿಸುತ್ತದೆ. ತೋಟಾ ದುಬಾರಿ ಬೇರೆ. ಹಾಗಾಗಿ ಅಭ್ಯಾಸವೂ ಕಡಿಮೆಯಾಗುತ್ತದೆ.

ಓದಿಕೊಂಡವರೊಬ್ಬರು ಎಲ್ಮರ್ ಕೀತ್ ಹೆಸರು ಎತ್ತಿದ್ದಾರೆ. ಐಡಾಹೊದ ಕೀತ್ ಜೀವಮಾನವಿಡೀ ದೊಡ್ಡ, ಭಾರದ ಗುಂಡುಗಳ ಪರ ಬರೆದವರು ನಿಜ. ಅವರ ಎದುರು ನಿಂತ ಜ್ಯಾಕ್ ಓ'ಕಾನರ್ 1925ರಲ್ಲಿ ಬಂದ .270 ವಿಂಚೆಸ್ಟರನ್ನು ಜನಪ್ರಿಯ ಮಾಡಿದವರು, 'ಔಟ್‌ಡೋರ್ ಲೈಫ್' ಪತ್ರಿಕೆಯಲ್ಲಿ ದಶಕಗಳ ಕಾಲ ಬರೆದವರು. ಇಬ್ಬರೂ ಬೆಟ್ಟಗಾಡಿನಲ್ಲಿ ಬದುಕು ಸವೆಸಿದ ಬೇಟೆಗಾರರು, ಇಬ್ಬರೂ ಅಸಂಖ್ಯ ತೋಟಾ ಸುಟ್ಟವರು. ಕೀತ್ ಭುಜಕ್ಕೆ ಒಗ್ಗಿದ ಒದೆತ ಮೊದಲ ವರ್ಷದ ಬೇಟೆಗಾರರ ಭುಜಕ್ಕೆ ಒಗ್ಗುತ್ತದೆ ಎಂದು ಎಲ್ಲಿ ಬರೆದಿದೆ?

ಊರಿನಿಂದ ಬರೆದ ಹಿರಿಯರು ಬೇರೆಯೇ ಸಾಕ್ಷಿ ಕರೆದಿದ್ದಾರೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕಥೆಗಳನ್ನು ಓದಿದ ನಮಗೆಲ್ಲ ಕೆನೆತ್ ಆಂಡರ್ಸನ್ನರ .405 ವಿಂಚೆಸ್ಟರ್ ಗೊತ್ತು. ನಮ್ಮ ಪಕ್ಕದ ಕಾಡುಗಳಲ್ಲಿ ನರಭಕ್ಷಕಗಳನ್ನು ಹೊಡೆದ ಆ ರೈಫಲ್ ಇರುವಾಗ .243 ಎಂಬ ಪುಟಾಣಿಯ ಮಾತೇಕೆ ಎಂಬುದು ಅವರ ಕೇಳ್ವಿ. ಗೌರವದಿಂದಲೇ ಹೇಳುತ್ತೇನೆ, ಆಂಡರ್ಸನ್ನರ ಕೆಲಸವೇ ಬೇರೆ. 1904ರಲ್ಲಿ ಬಂದ .405, 300 ಗ್ರೇನ್ ಗುಂಡನ್ನು ಸೆಕೆಂಡಿಗೆ 2200 ಅಡಿ ವೇಗದಲ್ಲಿ ಬಿಡುತ್ತದೆ. ಪೊದೆಯಿಂದ ನುಗ್ಗಿ ಬರುವ ಹುಲಿಯನ್ನು ಕೆಲವೇ ಗಜಗಳಲ್ಲಿ ನಿಲ್ಲಿಸಲು ಅದಕ್ಕಿಂತ ಒಳ್ಳೆಯದು ಆ ಕಾಲದಲ್ಲಿ ಹೆಚ್ಚಿರಲಿಲ್ಲ. ಎಲ್ಕ್ ಹುಲ್ಲು ಮೇಯುತ್ತಾ ಎದುರು ಇಳಿಜಾರಿನಲ್ಲಿ 200 ಗಜ ಆಚೆ ನಿಂತಿರುತ್ತದೆ, ನಮ್ಮ ಮೇಲೆ ಎಗರುವುದಿಲ್ಲ. ಮೊಂಡು ಮೂತಿಯ ಆ ನಿಧಾನದ ಗುಂಡು ಅಷ್ಟು ದೂರ ಹೋಗುವಷ್ಟರಲ್ಲಿ ಬಹಳ ಕೆಳಗೆ ಇಳಿದಿರುತ್ತದೆ. ಜಿಮ್ ಕಾರ್ಬೆಟ್ಟರನ್ನೇ ನೋಡಿ. ಅವರ ಬಳಿ .450/400 ಜೋಡು ನಳಿಗೆಯ ಭಾರಿ ರೈಫಲ್ಲೂ ಇತ್ತು, 1907ರಲ್ಲಿ ಚಂಪಾವತದ ಹುಲಿಯನ್ನು ಕೊಂದದ್ದಕ್ಕೆ ಬಹುಮಾನವಾಗಿ ಬಂದ ಹಗುರದ .275 ರಿಗ್ಬಿಯೂ ಇತ್ತು. ಅವರು ಕೆಲಸಕ್ಕೆ ತಕ್ಕಂತೆ ಆರಿಸಿಕೊಂಡರು. 1926ರಲ್ಲಿ ರುದ್ರಪ್ರಯಾಗದ ಚಿರತೆ ಬಿದ್ದದ್ದು .275ಕ್ಕೆ.

ಕೊಡಗಿನ ಗೆಳೆಯರ ಮಾತೂ ಇದೇ ಜಾತಿಯದು. ಜೋಡು ನಳಿಗೆಯ ಕೋವಿಗೆ ಎಲ್‌ಜಿ ಚರೆ ತೋಟಾ ಹಾಕಿದರೆ ಸಾಕಲ್ಲ, ರೈಫಲ್ ಯಾಕೆ ಎಂದಿದ್ದಾರೆ. ಕಾಫಿ ತೋಟದ ಅಂಚಿನಲ್ಲಿ ಮೂವತ್ತು ಗಜದ ಲೆಕ್ಕಕ್ಕೆ ಅದು ಸರಿ. ಕೊಲರಾಡೊದ ಬಯಲಲ್ಲಿ ಚರೆ ಚೆದುರಿಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಇಲ್ಲಿಯ ನಿಯಮದಲ್ಲಿ ದೊಡ್ಡ ಪ್ರಾಣಿಗೆ ಕೋವಿಯಿಂದ ಒಂಟಿ ಗುಂಡನ್ನಷ್ಟೇ ಹೊಡೆಯಬಹುದು, ಚರೆಯನ್ನಲ್ಲ.

ಈಗ ಇನ್ನೊಂದು ತುದಿಗೆ. ಸಣ್ಣ ಕ್ಯಾಲಿಬರ್ ವಾದಿಗಳ ಬತ್ತಳಿಕೆಯಲ್ಲಿ ಸದಾ ಇರುವ ಬಾಣ ಒಂದೇ: ಕರಮೋಜೊ ಬೆಲ್. ಸ್ಕಾಟ್ಲೆಂಡಿನ ಈ ಬೇಟೆಗಾರ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಹೊಡೆದರು, ಅದರಲ್ಲಿ ಬಹುಪಾಲನ್ನು 7 ಮಿಲಿಮೀಟರಿನ ಮೌಸರ್‌ನಿಂದ ಹೊಡೆದರು. 7 ಮಿಲಿಮೀಟರಿಗೆ ಆನೆ ಬಿದ್ದ ಮೇಲೆ ಎಲ್ಕ್ ಯಾವ ಲೆಕ್ಕ, .223 ಸಾಕಲ್ಲವೇ ಎಂದು ಕೇಳುತ್ತಾರೆ.

ಬೆಲ್ ಹೊಡೆಯುತ್ತಿದ್ದದ್ದು ಎಂಥ ಗುಂಡು ಎಂದು ಇವರು ಹೇಳುವುದಿಲ್ಲ. ಪೂರ್ತಿ ಲೋಹದ ಕವಚ ಹೊದ್ದ, ಮೊಂಡು ಮೂತಿಯ, ಎಷ್ಟೇ ಮೂಳೆಗೆ ಬಡಿದರೂ ಅರಳದ ಉದ್ದನೆಯ ಭಾರದ ಗುಂಡು. ಅದು ನೇರ ಕೊರೆದುಕೊಂಡು ಹೋಗಿ ಮಿದುಳು ಮುಟ್ಟುತ್ತಿತ್ತು. ಮಿದುಳು ಎಲ್ಲಿದೆ ಎಂದು ಬೆಲ್‌ಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅವರು ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಸೀಳಿ ನೋಡಿದ್ದರು. ಆನೆಯ ಹತ್ತಿರಕ್ಕೆ ಹೋಗಿ, ಕೋನ ಸರಿಯಾಗುವವರೆಗೆ ಕಾದು ಹೊಡೆಯುತ್ತಿದ್ದರು. ಅಂಥ ಅರಳದ ಗುಂಡನ್ನು ಇವತ್ತು ಕೊಲರಾಡೊದಲ್ಲಿ ಎಲ್ಕ್‌ಗೆ ಹೊಡೆದರೆ ಅಪರಾಧ. ಇಲ್ಲಿ ದೊಡ್ಡ ಪ್ರಾಣಿಗೆ ಅರಳುವ ಗುಂಡೇ ಆಗಬೇಕು. ಹೀಗಿರುವಾಗ ಬೆಲ್ ಉದಾಹರಣೆ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ಆನೆಗಳನ್ನು ಬೀಳಿಸಿದ್ದು ಗುಂಡಿನ ಕಟ್ಟುವಿಕೆ ಮತ್ತು ಅಂಗರಚನೆಯ ಜ್ಞಾನ. ಅವೆರಡನ್ನೂ ಬಿಟ್ಟು ಕ್ಯಾಲಿಬರ್ ಸಂಖ್ಯೆಯನ್ನು ಮಾತ್ರ ಎತ್ತಿಕೊಂಡು ಬಂದರೆ ಏನು ಪ್ರಯೋಜನ?

.223ರ ಬಗ್ಗೆ ನೇರವಾಗಿ. ಭಾರದ, ಗಟ್ಟಿಯಾಗಿ ಕಟ್ಟಿದ ಗುಂಡಿನಿಂದ ಇದು ಜಿಂಕೆಯನ್ನು ಕೊಲ್ಲಬಲ್ಲದು, ಬೇರೆ ರಾಜ್ಯಗಳಲ್ಲಿ ಕೊಲ್ಲುತ್ತಲೂ ಇದ್ದಾರೆ. ಮೊಂಟಾನಾದಲ್ಲಿ ಕ್ಯಾಲಿಬರ್ ಮಿತಿಯೇ ಇಲ್ಲ. ಆದರೆ ಕೊಲರಾಡೊದಲ್ಲಿ ದೊಡ್ಡ ಪ್ರಾಣಿಗೆ ಕನಿಷ್ಠ .24 ಕ್ಯಾಲಿಬರ್ ಬೇಕು. ಜಿಂಕೆ, ಪ್ರಾಂಗ್‌ಹಾರ್ನ್, ಕರಡಿಗೆ 70 ಗ್ರೇನ್, ಎಲ್ಕ್ ಮತ್ತು ಮೂಸ್‌ಗೆ 85 ಗ್ರೇನ್ ಗುಂಡು. 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ. ಇಂಗ್ಲೆಂಡಿನ ಕಾನೂನೂ ಸಾಮಾನ್ಯ ಜಿಂಕೆಗಳಿಗೆ .240ಕ್ಕಿಂತ ಕಡಿಮೆಯದನ್ನು ಬಿಡುವುದಿಲ್ಲ. ಕಾನೂನನ್ನು ಬದಿಗಿಟ್ಟರೂ ಗಾಳಿ ಬಿಡುವುದಿಲ್ಲ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಗೆ ಸಾಮಾನ್ಯ 55 ಗ್ರೇನ್ .223 ಗುಂಡು 300 ಗಜದಲ್ಲಿ ಹತ್ತಿರ ಹತ್ತಿರ ಒಂದು ಅಡಿ ಸರಿಯುತ್ತದೆ, 100 ಗ್ರೇನ್ .243 ಗುಂಡು ಆರೇಳು ಇಂಚು. ಪ್ರಾಂಗ್‌ಹಾರ್ನ್ ಮೇಯುವ ಬಯಲಿನಲ್ಲಿ ಹತ್ತು ಮೈಲಿ ಗಾಳಿ ಎಂದರೆ ಶಾಂತ ದಿನ.

ಅದೇ 1000 ಅಡಿ-ಪೌಂಡನ್ನು ಹಿಡಿದುಕೊಂಡು ಇನ್ನೊಬ್ಬರು, .243ಕ್ಕೆ 300 ಗಜದಲ್ಲೂ ಅಷ್ಟು ಶಕ್ತಿ ಉಳಿದಿರುತ್ತದಲ್ಲ, ಎಲ್ಕ್‌ಗೂ ಅದೇ ಸಾಕು, ಕಾನೂನೇ ಒಪ್ಪುತ್ತದೆ ಎಂದಿದ್ದಾರೆ. ಒಪ್ಪುತ್ತದೆ, ನಿಜ. ಕಾನೂನು ಹೇಳುವುದು ಅದಕ್ಕಿಂತ ಕೆಳಗೆ ಇಳಿಯಬೇಡ ಎಂದು. ಅಷ್ಟಿದ್ದರೆ ಸಾಕು ಎಂದಲ್ಲ. ಎಲ್ಕ್ ಪಕ್ಕಕ್ಕೆ ತಿರುಗಿ ನಿಂತು ಪಕ್ಕೆಲುಬು ತೋರಿಸಿದಾಗ .243 ಗುಂಡು ಎರಡೂ ಶ್ವಾಸಕೋಶ ದಾಟಬಹುದು. ಅದು ಓರೆಯಾಗಿ ನಿಂತು, ಗುಂಡು ಭುಜದ ದಪ್ಪ ಮೂಳೆ ಮುರಿದು ಮುಂದೆ ಹೋಗಬೇಕಾದಾಗ 100 ಗ್ರೇನ್‌ಗೂ 180 ಗ್ರೇನ್‌ಗೂ ಇರುವ ಅಂತರ ಕಾಣುತ್ತದೆ. ಓರೆಯಾಗಿ ನಿಂತದ್ದಕ್ಕೆ ಹೊಡೆಯುವುದಿಲ್ಲ ಎಂದು ಮನೆಯಲ್ಲಿ ಕುಳಿತು ಹೇಳುವುದು ಸುಲಭ. ಐದು ದಿನ ಅಲೆದ ಮೇಲೆ ಕತ್ತಲಾಗುವ ಹೊತ್ತಿಗೆ ಸಿಕ್ಕ ಒಂದೇ ಒಂದು ಎಲ್ಕ್ ಎದುರು ನಿಂತಾಗ ಆ ಮಾತು ಎಷ್ಟು ಜನರ ಕೈಯನ್ನು ತಡೆದೀತು?

ಎಲ್ಲಕ್ಕಿಂತ ನನಗೆ ಬೇಸರ ತಂದದ್ದು, .243 ಹೆಂಗಸರ, ಮಕ್ಕಳ ಬಂದೂಕು ಎಂಬ ಮಾತು. ಒದೆತ ಕಡಿಮೆ ಎಂಬುದನ್ನು ದೋಷವೆಂದು ಎಣಿಸುವವರಿಗೆ ಈ ತೋಟಾದ ಚರಿತ್ರೆ ಹೇಳಬೇಕು. ಹೊಲ ಹಾಳುಮಾಡುವ ಕೀಟಲೆ ಪ್ರಾಣಿ ಮತ್ತು ದೊಡ್ಡ ಪ್ರಾಣಿ ಎರಡಕ್ಕೂ ಒಂದೇ ರೈಫಲ್ ಸಾಕೇ ಎಂಬ ಪ್ರಶ್ನೆಯ ಉತ್ತರ ಇಡಿಯಾಗಿ ಅದರಲ್ಲೇ ಇದೆ.

1955ರಲ್ಲಿ ಎರಡು ಕಂಪನಿಗಳು ಒಂದೇ ವ್ಯಾಸದ, ಅಂದರೆ 6 ಮಿಲಿಮೀಟರಿನ, ಎರಡು ತೋಟಾ ಹೊರತಂದವು. ವಿಂಚೆಸ್ಟರ್ ತನ್ನ .308ರ ಕವಚದ ಕತ್ತು ಕಿರಿದು ಮಾಡಿ .243 ಮಾಡಿತು. ರೆಮಿಂಗ್ಟನ್ ಬೇರೊಂದು ಕವಚದಿಂದ .244 ಮಾಡಿತು. ಅದರ ಕವಚದಲ್ಲಿ ಮದ್ದಿಗೆ ಸ್ವಲ್ಪ ಹೆಚ್ಚೇ ಜಾಗವಿತ್ತು. ಕಾಗದದ ಮೇಲೆ ಅದು ಒಂದು ಕೈ ಮೇಲೆ. ಆದರೆ ರೆಮಿಂಗ್ಟನ್ನಿನವರ ಕಣ್ಣಲ್ಲಿ ಇದ್ದದ್ದು ಬಯಲಿನ ಸಣ್ಣ ಪ್ರಾಣಿಗಳು, ವುಡ್‌ಚಕ್, ಪ್ರೇರಿ ಡಾಗ್, ಕಯೋಟಿ. ಇವಕ್ಕೆ ಹಗುರದ, ವೇಗದ ಗುಂಡು ಸಾಕು ಎಂದು ನಳಿಗೆಯೊಳಗಿನ ಗೀರುಗಳನ್ನು 12 ಇಂಚಿಗೆ ಒಂದು ಸುತ್ತು ಬರುವಂತೆ ಕೊರೆದರು. ಗುಂಡು ನೆಟ್ಟಗೆ ಹಾರಲು ಅದನ್ನು ತಿರುಗಿಸುವುದು ಈ ಗೀರುಗಳೇ. ಗುಂಡು ಉದ್ದವಾದಷ್ಟೂ ಅದನ್ನು ಬೇಗ ಬೇಗ ತಿರುಗಿಸಬೇಕು, ಇಲ್ಲವಾದರೆ ಗಾಳಿಯಲ್ಲಿ ಓಲಾಡುತ್ತದೆ. 12 ಇಂಚಿನ ಸುತ್ತಿಗೆ 75 ಮತ್ತು 90 ಗ್ರೇನ್ ಗುಂಡು ಒಗ್ಗಿದವು. ವಿಂಚೆಸ್ಟರ್ 10 ಇಂಚಿಗೆ ಒಂದು ಸುತ್ತು ಇಟ್ಟಿತು, ಅದರಲ್ಲಿ ಸಣ್ಣ ಪ್ರಾಣಿಗೆ 80 ಗ್ರೇನ್, ಜಿಂಕೆಗೆ 100 ಗ್ರೇನ್ ಎರಡೂ ಹಾರಿದವು. ಕೊಳ್ಳುವವರು ಮಾಡಿದ ಲೆಕ್ಕ ಸರಳ: ಬೇಸಿಗೆಯಲ್ಲಿ ಹೊಲದ ಕೀಟಲೆಗೆ, ಶರತ್ಕಾಲದಲ್ಲಿ ಜಿಂಕೆಗೆ, ಎರಡಕ್ಕೂ ಆಗುವುದನ್ನೇ ತರೋಣ. .243 ಮಾರಿಹೋಯಿತು, .244 ಅಂಗಡಿಯಲ್ಲೇ ಉಳಿಯಿತು. ರೆಮಿಂಗ್ಟನ್ ಆಮೇಲೆ ಎಚ್ಚೆತ್ತು 9 ಇಂಚಿನ ಸುತ್ತಿಗೆ ಬಂದು, 1963ರಲ್ಲಿ ಅದೇ ತೋಟಾಗೆ 6 ಎಂಎಂ ರೆಮಿಂಗ್ಟನ್ ಎಂದು ಹೊಸ ಹೆಸರಿಟ್ಟಿತು. ಅಷ್ಟರಲ್ಲಿ ಪಂದ್ಯ ಮುಗಿದಿತ್ತು.

ಒಂದೇ ವ್ಯಾಸ, ಹೆಚ್ಚೂಕಡಿಮೆ ಒಂದೇ ಶಕ್ತಿ. ಒಂದು ಗೆದ್ದು ಇನ್ನೊಂದು ಸೋತದ್ದು ಯಾವ ತೂಕದ ಗುಂಡನ್ನು ನೆಟ್ಟಗೆ ಹಾರಿಸಬಲ್ಲದು ಎಂಬ ಒಂದೇ ಅಂಶದ ಮೇಲೆ. ಕ್ಯಾಲಿಬರ್ ಕೇಳುವ ಮೊದಲು ನಳಿಗೆಯ ಸುತ್ತು ಕೇಳಿ, ಪೆಟ್ಟಿಗೆಯ ಮೇಲೆ ಬರೆದ ಗುಂಡಿನ ತೂಕ ಮತ್ತು ಬಗೆ ಓದಿ ಎಂದು ನಾನು ಬರೆದದ್ದು ಇದಕ್ಕೇ. ಜಿಂಕೆ ಬೇಟೆಗೆ ತನಗಿಂತ ಹೆಚ್ಚಿನದೇನೂ ಬೇಡವೆಂದು ಏಳು ದಶಕಗಳಿಂದ ತೋರಿಸುತ್ತಾ ಬಂದ ತೋಟಾ .243. ಅದನ್ನು ಭುಜಕ್ಕೇರಿಸುವವರು ಗಂಡಸೋ ಹೆಂಗಸೋ ಎಂಬುದು ಜಿಂಕೆಗೆ ಸಂಬಂಧವಿಲ್ಲದ ವಿಚಾರ.

ಗುಂಡಿನ ಬಗೆ ಎಂದೆ. ಗುಂಡು ಗುಂಡೇ, ಎಲ್ಲ ಒಂದೇ, ಕಂಪನಿಯವರ ಜಾಹೀರಾತು ಎಂದು ತಳ್ಳಿಹಾಕಿದವರಿಗೆ ಇನ್ನೊಂದು ಸಂಗತಿ. 1946ರಲ್ಲಿ ಒರೆಗಾನ್‌ನ ಜಾನ್ ನಾಸ್ಲರ್ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು. ಕೈಯಲ್ಲಿದ್ದದ್ದು .300 ಎಚ್ ಅಂಡ್ ಎಚ್ ಮ್ಯಾಗ್ನಮ್, ಆ ಕಾಲದ ಬಲಿಷ್ಠ ತೋಟಾ. ಮೈಗೆಲ್ಲ ಒಣ ಕೆಸರು ಮೆತ್ತಿಕೊಂಡ ಮೂಸ್‌ಗೆ ಹೊಡೆದ ಗುಂಡುಗಳು ಒಳಗೆ ಇಳಿಯದೆ ಮೇಲ್ಮೈಯಲ್ಲೇ ಒಡೆದುಹೋದವು. ಶಕ್ತಿಗೆ ಕೊರತೆ ಇರಲಿಲ್ಲ. ಅಷ್ಟು ವೇಗವನ್ನು ತಡೆದುಕೊಳ್ಳುವ ಗುಂಡು ಇರಲಿಲ್ಲ. ಊರಿಗೆ ಬಂದು ಅವರು ಮಧ್ಯೆ ತಾಮ್ರದ ಅಡ್ಡಗೋಡೆ ಇರುವ ಗುಂಡು ಮಾಡಿದರು. ಮುಂಭಾಗದ ಸೀಸ ಅರಳಿ ಗಾಯ ಅಗಲ ಮಾಡಿದರೆ, ಹಿಂಭಾಗದ ಸೀಸ ಗೋಡೆಯ ಹಿಂದೆ ಇಡಿಯಾಗಿ ಉಳಿದು ಆಳಕ್ಕೆ ಹೋಗುತ್ತದೆ. ನಾಸ್ಲರ್ ಪಾರ್ಟಿಷನ್ ಎಂಬ ಅದೇ ಗುಂಡು 1948ರಿಂದ ಇವತ್ತಿನವರೆಗೂ ಮಾರಾಟದಲ್ಲಿದೆ.

ಸಣ್ಣ ಪ್ರಾಣಿಯ ಗುಂಡು ಇದಕ್ಕೆ ತದ್ವಿರುದ್ಧ. ಅದರ ತಾಮ್ರದ ಸಿಪ್ಪೆ ಉದ್ದೇಶಪೂರ್ವಕವಾಗಿ ತೆಳು, ಒಂದು ಕಿಲೋ ತೂಗುವ ಪ್ರೇರಿ ಡಾಗ್‌ಗೆ ಮುಟ್ಟಿದೊಡನೆ ಪುಡಿಯಾಗಬೇಕು, ನೆಲಕ್ಕೆ ಬಡಿದರೆ ಪುಟಿದು ಪಕ್ಕದವರ ದನಗಳತ್ತ ಹೋಗದೆ ಅಲ್ಲೇ ಚೂರಾಗಬೇಕು. ಇಂಥ ಗುಂಡನ್ನು .243ರಿಂದ ಜಿಂಕೆಯ ಭುಜಕ್ಕೆ ಹೊಡೆದರೆ ಅಂಗೈ ಅಗಲದ ಮೇಲ್ಗಾಯವಾಗುತ್ತದೆ, ಒಳಗಿನ ಅಂಗ ಹಾಗೇ ಉಳಿಯುತ್ತದೆ, ಜಿಂಕೆ ಓಡಿಹೋಗುತ್ತದೆ. ಆಮೇಲೆ .243 ಕೆಟ್ಟದ್ದು ಎಂಬ ಮಾತು ಹುಟ್ಟುತ್ತದೆ. ಇನ್ನೊಂದು ಕಡೆ, ಜಿಂಕೆಗೆಂದು ಮಾಡಿದ ಗಟ್ಟಿ ಗುಂಡನ್ನು ಕಯೋಟಿಗೆ ಹೊಡೆದರೆ ಅದು ಅರಳುವ ಮೊದಲೇ ಆಚೆ ಹೊರಟು, ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಒಂದೇ ರೈಫಲ್, ಎರಡು ಪೆಟ್ಟಿಗೆ ತೋಟಾ. ಎರಡನ್ನೂ ಒಂದೇ ಜೇಬಿನಲ್ಲಿ ಬೆರೆಸಬಾರದು.

ಹಾಗಾದರೆ ಎಲ್ಕ್‌ಗೆ ಕೊಂಡ .30-06ರಲ್ಲೇ ಹಗುರದ ಗುಂಡು ಹಾಕಿ ಪ್ರೇರಿ ಡಾಗ್ ಹೊಡೆದರಾಯಿತು, ಎರಡನೆಯ ರೈಫಲ್ ಏಕೆ ಎಂದು ಕೆಲವರು ಕೇಳಿದ್ದಾರೆ. ಹಾಕಬಹುದು. ಆದರೆ ಎರಡು ಕೆಲಸದ ಲಯ ಬೇರೆ. ಎಲ್ಕ್ ಬೇಟೆಯಲ್ಲಿ ಇಡೀ ವಾರಕ್ಕೆ ಒಂದು ಈಡು, ಅದೂ ಸಿಕ್ಕಿದರೆ. ರೈಫಲ್ ಹೊತ್ತು 3000 ಮೀಟರ್ ಎತ್ತರದಲ್ಲಿ ನಡೆಯಬೇಕು, ನಳಿಗೆ ತೆಳುವಾಗಿ ಹಗುರವಿರಬೇಕು. ಹುಲ್ಲುಗಾವಲಿನಲ್ಲಿ ಒಂದೇ ಮಧ್ಯಾಹ್ನ ಹತ್ತಾರು ಈಡು. ತೆಳು ನಳಿಗೆ ಕಾದು ಗುರಿ ಅಲೆದಾಡುತ್ತದೆ, ನಳಿಗೆಯೂ ಸವೆಯುತ್ತದೆ. ಅಲ್ಲಿಗೆ ದಪ್ಪ ನಳಿಗೆಯ, ಭಾರದ, ಒದೆತವೇ ಇಲ್ಲದಂಥ .223 ಬೇಕು. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಸಿಗದು ಎಂದು ಮೊದಲ ಲೇಖನದಲ್ಲೂ ಬರೆದಿದ್ದೆ, ಆಕ್ಷೇಪಿಸಿದವರು ಆ ಸಾಲು ಬಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಸಿಗುವ ಕಯೋಟಿಗಷ್ಟೇ ಆದರೆ ಎರಡನೆಯ ರೈಫಲ್ ಖಂಡಿತ ಬೇಡ.

6.5 ಕ್ರೀಡ್‌ಮೋರ್ ಬಂದ ಮೇಲೆ ಈ ಚರ್ಚೆಯೇ ಮುಗಿಯಿತು ಎನ್ನುವ ಯುವಕರಿಗೆ ಹೇಳುವುದು ಕಡಿಮೆ. 2007ರಲ್ಲಿ ಬಂದ ಒಳ್ಳೆಯ ತೋಟಾ ಅದು. ಒದೆತ ಸೌಮ್ಯ, ಗುಂಡು ಉದ್ದ, ಗಾಳಿಗೆ ಕಡಿಮೆ ಸರಿಯುತ್ತದೆ. ಅದರಲ್ಲಿ ಮಾಯೆ ಏನಿಲ್ಲ. ಅದೇ ವ್ಯಾಸದ 6.5×55ರಿಂದ ಸ್ವೀಡನ್ನಿನವರು ಒಂದು ಶತಮಾನಕ್ಕೂ ಮೇಲ್ಪಟ್ಟು ಮೂಸ್ ಹೊಡೆಯುತ್ತಿದ್ದಾರೆ. ಅದನ್ನು ಜಿಂಕೆಗೆ ಕೊಂಡರೆ ನನ್ನ ತಕರಾರಿಲ್ಲ. ಅದನ್ನು ಕೊಂಡ ಮೇಲೆ 600 ಗಜದಲ್ಲೂ ಎಲ್ಕ್ ಹೊಡೆಯಬಹುದು ಎಂಬ ಧೈರ್ಯ ಹುಟ್ಟುತ್ತದಲ್ಲ, ತಕರಾರು ಅದಕ್ಕೆ. ಅಷ್ಟು ದೂರಕ್ಕೆ ಗುಂಡು ತಲುಪಲು ಮುಕ್ಕಾಲು ಸೆಕೆಂಡಿಗೂ ಹೆಚ್ಚು ಬೇಕು. ಮೇಯುತ್ತಿರುವ ಪ್ರಾಣಿ ಒಂದು ಹೆಜ್ಜೆ ಮುಂದಿಡಲು ಅಷ್ಟು ಸಾಕು. ಹೆಜ್ಜೆ ಇಟ್ಟರೆ ಶ್ವಾಸಕೋಶಕ್ಕೆ ಹೊರಟ ಗುಂಡು ಹೊಟ್ಟೆಗೆ ಬೀಳುತ್ತದೆ.

ಬೇಟೆಯನ್ನೇ ಆಕ್ಷೇಪಿಸಿದವರ ಪತ್ರಗಳನ್ನು ನಾನು ಹೆಚ್ಚು ಗೌರವದಿಂದ ಓದಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆ ನಿಷೇಧಿಸಿದೆ, ಅದು ಹಾಗೇ ಇರಬೇಕು ಎಂಬುದು ನನ್ನ ನಿಲುವೂ ಹೌದು. ಇಲ್ಲಿಯ ಪರಿಸ್ಥಿತಿ ಬೇರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಲರಾಡೊದ ಎಲ್ಕ್ ಅಳಿವಿನ ಅಂಚಿಗೆ ಬಂದಿದ್ದವು, ವಯೋಮಿಂಗ್‌ನಿಂದ ತಂದು ಬಿಡಬೇಕಾಯಿತು. ಇವತ್ತು ದೇಶದಲ್ಲೇ ಅತಿ ಹೆಚ್ಚು ಎಲ್ಕ್ ಇರುವ ರಾಜ್ಯ ಇದು. 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯಿದೆಯಂತೆ ಪ್ರತಿ ರೈಫಲ್, ಪ್ರತಿ ಪೆಟ್ಟಿಗೆ ತೋಟಾದ ಮೇಲೆ 11 ಪ್ರತಿಶತ ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಹೊಡೆದ ಎಲ್ಕ್‌ನ ಮಾಂಸ ಕಾಡಲ್ಲಿ ಬಿಟ್ಟು ಬಂದರೆ ಶಿಕ್ಷೆ. 1949ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರು ಸಾಮಾನ್ಯವಾಗಿ ಬೇಟೆಯ ತರಬೇತಿ ಮುಗಿಸದೆ ಲೈಸೆನ್ಸ್ ಪಡೆಯುವಂತಿಲ್ಲ.

ಆದರೆ ಪ್ರೇರಿ ಡಾಗ್ ವಿಚಾರದಲ್ಲಿ ಈ ಪತ್ರಗಳು ಎತ್ತಿದ ಪ್ರಶ್ನೆಗೆ ನನ್ನಲ್ಲಿ ಸಮರ್ಥನೆ ಇಲ್ಲ, ಹುಡುಕಲೂ ಹೋಗುವುದಿಲ್ಲ. ಹೊಲ ಹಾಳುಮಾಡಿದಾಗ, ಜಮೀನಿನವರು ಕರೆದಾಗ ಹೊಡೆಯುವುದು ಒಂದು ಮಾತು. ಲೆಕ್ಕವಿಲ್ಲದೆ ಮೋಜಿಗೆ ಹೊಡೆದು ಬಿಟ್ಟು ಬರುವುದು ಇನ್ನೊಂದು. ಇಡೀ ಹುಲ್ಲುಗಾವಲಿನ ಜೀವಜಾಲ ಆ ಬಿಲಗಳ ಮೇಲೆ ನಿಂತಿದೆ. ಪ್ರೇರಿ ಡಾಗನ್ನೇ ತಿಂದು ಬದುಕುವ ಕಪ್ಪು ಕಾಲಿನ ಫೆರೆಟ್ ನಿರ್ನಾಮವಾಯಿತೆಂದೇ ಎಲ್ಲರೂ ನಂಬಿದ್ದಾಗ 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಬಳಿ ಕೆಲವು ಉಳಿದಿರುವುದು ಗೊತ್ತಾಯಿತು. ಅದರ ಉಳಿವಿಗೆ ಇಂದಿಗೂ ಹೆಣಗಾಡುತ್ತಿದ್ದಾರೆ. ಕೊಲರಾಡೊ 2020ರಲ್ಲಿ ಕಯೋಟಿ, ಪ್ರೇರಿ ಡಾಗ್‌ಗಳ ಕೊಲ್ಲುವ ಸ್ಪರ್ಧೆಗಳನ್ನು ನಿಷೇಧಿಸಿದ್ದು ಸರಿಯಾದ ಕೆಲಸ.

ಇದಕ್ಕೇ ಸೇರಿದ್ದು ಕೊನೆಯ ಆಕ್ಷೇಪ: ಸೀಸದ ಗುಂಡು ಅಗ್ಗ, ಎಲ್ಲೆಡೆ ಸಿಗುತ್ತದೆ, ತಾಮ್ರದ್ದನ್ನು ಕೊಳ್ಳಿ ಎಂದು ಆ ಲೇಖನದಲ್ಲಿ ಒತ್ತಾಯಿಸಿದ್ದೇಕೆ? ಸೀಸದ ಗುಂಡು ಪ್ರಾಣಿಯೊಳಗೆ ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಮಾಂಸದಲ್ಲಿ ಹರಡುತ್ತವೆ. ಅದನ್ನು ನಮ್ಮ ಮನೆಯ ಮಕ್ಕಳೂ ತಿನ್ನುತ್ತಾರೆ, ಕಾಡಲ್ಲಿ ಬಿಟ್ಟ ಕರುಳನ್ನು ಹದ್ದುಗಳೂ ತಿನ್ನುತ್ತವೆ. ಕ್ಯಾಲಿಫೋರ್ನಿಯಾದ ಕೊಂಡೋರ್ ರಣಹದ್ದು 1982ರಲ್ಲಿ ಇಪ್ಪತ್ತೆರಡಕ್ಕೆ ಇಳಿದಿತ್ತು. ಮರಿ ಮಾಡಿಸಿ ಕಾಡಿಗೆ ಬಿಟ್ಟ ಹಕ್ಕಿಗಳನ್ನೂ ಹೆಚ್ಚಾಗಿ ಕೊಲ್ಲುತ್ತಿರುವುದು ಸೀಸದ ವಿಷವೇ. 2019ರ ಜುಲೈನಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸ ಪೂರ್ತಿ ನಿಷಿದ್ಧ. ಕೊಲರಾಡೊ ಇನ್ನೂ ನಿಷೇಧಿಸಿಲ್ಲ ಎಂಬುದು ಕಾಯುತ್ತಾ ಕೂರಲು ಕಾರಣವಲ್ಲ. ವರ್ಷಕ್ಕೆ ಒಂದು ಪೆಟ್ಟಿಗೆ ಸುಡುವವರಿಗೆ ಬೆಲೆಯ ವ್ಯತ್ಯಾಸ ದೊಡ್ಡದೂ ಅಲ್ಲ.

ತಾಮ್ರ ಸೀಸಕ್ಕಿಂತ ಹಗುರವಾದ ಲೋಹ, ಅದೇ ತೂಕದ ಗುಂಡು ಹೆಚ್ಚು ಉದ್ದವಾಗುತ್ತದೆ, ಹಾಗಾಗಿ .244 ರೆಮಿಂಗ್ಟನ್ನಿಗೆ ಬಂದ ತೊಂದರೆಯೇ ಇಲ್ಲೂ ಬರುತ್ತದೆ. .243ರ 10 ಇಂಚಿನ ಸುತ್ತಿಗೆ 85 ಗ್ರೇನ್ ತಾಮ್ರದ ಗುಂಡು ಒಗ್ಗುತ್ತದೆ, 100 ಗ್ರೇನಿನದನ್ನು ಹುಡುಕಬೇಡಿ. ಅದು ಇಡಿಯಾಗಿ ಉಳಿದು ಆಳಕ್ಕೆ ಹೋಗುವುದರಿಂದ ತೂಕ ಕಡಿಮೆಯಾದರೂ ಜಿಂಕೆಗೆ ಕೊರತೆಯಾಗುವುದಿಲ್ಲ. .308ರಲ್ಲಿ 150 ಅಥವಾ 165, .30-06ರಲ್ಲಿ 165 ಅಥವಾ 180 ಗ್ರೇನ್ ಎಲ್ಕ್‌ಗೆ ಸರಿ. ಹೊಸ ಪೆಟ್ಟಿಗೆ ತಂದ ಮೇಲೆ ಬೇಟೆಗೆ ಹೊರಡುವ ಮೊದಲು ರೇಂಜಿಗೆ ಹೋಗಿ 200 ಗಜಕ್ಕೆ ರೈಫಲ್ಲಿನ ದುರ್ಬೀನನ್ನು ಮತ್ತೆ ಸರಿಹೊಂದಿಸಿಕೊಳ್ಳಿ. ಸೀಸಕ್ಕೆ ಕೂರಿಸಿದ ಗುರಿಗೆ ತಾಮ್ರದ ಗುಂಡು ಬೀಳುವುದಿಲ್ಲ.